ಇಳಿಯುವವಳು ಹಿಂದೆ ಸರಿಯಬೇಕಿತ್ತು

ಗೋರ್ನೊ ಸೆಲಿಶ್ತೆ,
ಫೆಬ್ರುವರಿ ೧೩, ಶುಕ್ರವಾರ

ರಾಶ್ಕೋ,

'ಪ್ರೀತಿಯ' ಎಂದು ಬರೆಯುವ ಕಾಲ ಮುಗಿದು ಮೂರು ವರ್ಷವಾಯಿತು. 'ಮಾನ್ಯ' ಎಂದು ಬರೆಯುವಷ್ಟು ದೊಡ್ಡ ಮನುಷ್ಯ ನೀನಲ್ಲ. ಹಾಗಾಗಿ ಬರಿ ಹೆಸರು. ನಿನ್ನ ಪತ್ರ ಮೊನ್ನೆ ಕೈಸೇರಿತು. ಫೋನಿನಲ್ಲಿ ಬೈದರೆ ನಾನು ಇಟ್ಟುಬಿಡುತ್ತೇನೆಂದು ಕೂತು ಬರೆದು ಬೈದಿದ್ದೀಯ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೊಂದು ಚೀಟಿ ಬರೆಯದವನು ಈಗ ನಾಲ್ಕು ಪುಟ ಬರೆದಿದ್ದೀಯ, ಸಂತೋಷ. ನಾನೂ ಬರೆಯಬಲ್ಲೆ.

ನಾನು 'ರಸ್ತೆಯ ಮಾರಿ'ಯಂತೆ. ನನ್ನಿಂದಾಗಿ ನಿನ್ನ ತಾಯಿಯ ಡಯಾಲಿಸಿಸ್ ಸರದಿ ತಪ್ಪಿ ಆಕೆ ಎರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತಂತೆ. ಭಾನುವಾರ ಬಂದು ಆಕೆಯನ್ನು ಪೇಟೆಯ ನಿನ್ನ ಮನೆಗೆ ಕರೆದೊಯ್ಯುತ್ತೀಯಂತೆ, ಬಟ್ಟೆಬರೆ ಕಟ್ಟಿಟ್ಟಿರಬೇಕಂತೆ. ಕಟ್ಟುವುದಿಲ್ಲ. ಬರಲೂ ಬೇಡ.

ಈ ಚಳಿಗಾಲ ಆ ರಸ್ತೆಯಲ್ಲಿ ಎಂತೆಂಥವರನ್ನು ಸಹಿಸಿಕೊಂಡೆ ಎಂದು ನಿನಗೆ ಗೊತ್ತೇ? ಮಾರಿ ಯಾರೆಂದು ನಾನು ಹೇಳುತ್ತೇನೆ ಕೇಳು. ಕ್ರಿಸ್‌ಮಸ್ ಮುಗಿದ ವಾರ ಪ್ಲೊವ್ದಿವ್‌ನಿಂದ ಒಬ್ಬ ಬಂದ. ಕಾರು ನೋಡಿದರೆ ಈಗಷ್ಟೇ ಡಬ್ಬಿಯಿಂದ ತೆಗೆದ ಹಾಗಿತ್ತು, ಟೈರು ಮಾತ್ರ ಬೇಸಿಗೆಯದು, ಹಿಮದಲ್ಲಿ ಹಿಡಿತವಿಲ್ಲದ್ದು. ಗಿರಣಿಯ ಏರಿನಲ್ಲಿ ಅಡ್ಡಡ್ಡ ತಿರುಗಿ ನಿಂತಿದ್ದಾನೆ, ಚಕ್ರ ಮಾತ್ರ ಗಿರಗಿರ ತಿರುಗುತ್ತಿದೆ. ನಾನು ಓಡಿಸುವ ಊರ ಬಸ್ಸಿನಲ್ಲಿ ಆರು ಜನ ಕಾಯುತ್ತಿದ್ದಾರೆ. ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಇಳಿದು ಬಂದು ನನ್ನನ್ನೇ ಕೇಳಿದ: "ಅಕ್ಕಾ, ನಿಮ್ಮೂರಲ್ಲಿ ಮಂಜು ಕರಗೋಕೆ ರಸ್ತೆಗೆ ಉಪ್ಪು ಹಾಕೋದಿಲ್ವಾ?" "ಹಾಕ್ತೀವಪ್ಪಾ, ಬೀನ್ಸ್ ಸಾರಿಗೆ ಹಾಕಿ ಉಳಿದ್ರೆ" ಅಂದೆ. ನನ್ನ ಬಸ್ಸಿನ ಹಗ್ಗದಿಂದಲೇ ಅವನನ್ನು ಎಳೆದು ಪಕ್ಕಕ್ಕೆ ಹಾಕಬೇಕಾಯಿತು. ಒಂದು ಥ್ಯಾಂಕ್ಸ್ ಕೂಡ ಇಲ್ಲ, ಹಗ್ಗದಿಂದ ಬಣ್ಣ ಕೆರೆಯಿತೇ ಎಂದು ಬಗ್ಗಿ ಬಗ್ಗಿ ನೋಡಿದ.

ಆಮೇಲೆ ನಮ್ಮ ಬ್ರೆಡ್ಡು ತರುವ ಗಾಂಚೊ. ಮಂಜುಗಡ್ಡೆ ಗಾಜಿನ ಹಾಗೆ ಹೊಳೆಯುತ್ತಿರುವಾಗಲೂ ನನ್ನ ಬಸ್ಸಿನ ಬಾಲಕ್ಕೆ ವ್ಯಾನಿನ ಮೂತಿ ತಾಗಿಸಿಕೊಂಡೇ ಬರುತ್ತಾನೆ, ಮೇಲಿಂದ ಲೈಟು ಮಿನುಗಿಸುತ್ತಾನೆ. ಒಂದು ದಿನ ಇಗರ್ಜಿಯ ಹತ್ತಿರ ಬಸ್ಸು ನಿಲ್ಲಿಸಿ ಇಳಿದು ಹೋದೆ. "ಅಷ್ಟು ಪ್ರೀತಿ ಇದ್ರೆ ಒಳಗೇ ಬಂದು ಕೂತ್ಕೊಳ್ಳೋ ಗಾಂಚೊ" ಅಂದೆ. "ಬ್ರೆಡ್ ತಣ್ಣಗಾಗುತ್ತೆ ದಫಿನಾ" ಎಂದು ಹಲ್ಲು ಕಿರಿದ. "ಬ್ರೆಡ್ ತಣ್ಣಗಾದ್ರೆ ಒಲೆ ಮೇಲಿಡ್ತೀವಿ. ನೀನು ತಣ್ಣಗಾದ್ರೆ ಎಲ್ಲಿಡೋದೋ?" ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನ ಅವಸರ ಒಂದು ಸಲವಾದರೂ ಉಪಯೋಗಕ್ಕೆ ಬರಲಿ.

ದನದ ಡಾಕ್ಟರು ಓದಿದವರಲ್ಲವೇ? ಅವರು ಮುಂದಿನ ಗಾಜಿನ ಹಿಮವನ್ನು ತಟ್ಟೆಯಗಲ ಮಾತ್ರ ಕೆರೆದುಕೊಂಡು, ಆ ತೂತಿನಲ್ಲಿ ಇಣುಕುತ್ತಾ ಬರುತ್ತಾರೆ. ಇನ್ನು ಹಿಮ ತಳ್ಳುವ ಗಾಡಿಯವನು ರಸ್ತೆ ಬಿಡಿಸುತ್ತಾನೋ ಮುಚ್ಚುತ್ತಾನೋ ದೇವರೇ ಬಲ್ಲ. ಎರಡು ಕಡೆಯೂ ಆಳೆತ್ತರದ ಗೋಡೆ ಕಟ್ಟಿ, ನಡುವೆ ಒಂದು ಗಾಡಿಗೆ ಮಾತ್ರ ದಾರಿ ಉಳಿಸಿ, ಅಂಗಡಿಯಲ್ಲಿ ಬ್ರಾಂದಿ ಕುಡಿಯುತ್ತಾ ಕೂರುತ್ತಾನೆ. ಹೊಸ ಕಾರುಗಳ ಹೆಡ್‌ಲೈಟಂತೂ ಕಣ್ಣಿಗೆ ಚುಚ್ಚುತ್ತದೆ. ಮೊದಲೆಲ್ಲ ಎದುರಿನ ಗಾಡಿ ಬರುವುದು ದೂರದಿಂದಲೇ ತಿಳಿಯುತ್ತಿತ್ತು. ಈಗ ಒಬ್ಬೊಬ್ಬನೂ ಎಡಗಡೆಯಿಂದ ಕಳ್ಳನ ಹಾಗೆ ಬಂದು ಮೈಮೇಲೆಯೇ ಬೀಳುತ್ತಾನೆ. ನವೆಂಬರಿನಿಂದ ಎಲ್ಲರಿಗೂ ಇದೇ ಚಾಳಿ. ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ ರಾಶ್ಕೋ, ಈ ಬೆಟ್ಟದಲ್ಲಿ ಯಾರೊಬ್ಬರಿಗೂ ಬರುವುದಿಲ್ಲ.

ಈಗ ನಿನ್ನ ವಿಷಯ. ಎದುರಿನ ಗಾಡಿ ಕಾಣದ ನಮ್ಮ ಕಿವುಡು ತಿರುವಿನ ನಿಯಮವನ್ನು ನನಗೆ ಕಲಿಸಲು ಬಂದಿದ್ದೀಯ, ನಾಚಿಕೆಯಾಗಬೇಕು. ಆ ನಿಯಮ ಮಾಡಿದವರಲ್ಲಿ ನನ್ನಪ್ಪನೂ ಒಬ್ಬ. ಇಳಿಯುವವರು ತಿರುವಿಗೆ ಮೊದಲು ಎರಡು ಸಲ ಉದ್ದಕ್ಕೆ ಹಾರ್ನ್ ಮಾಡಬೇಕು, ಹತ್ತುವವರು ಒಂದು ಸಲ ಉತ್ತರ ಕೊಡಬೇಕು. ಎದುರುಬದುರಾದರೆ ಇಳಿಯುವವರೇ ಹಿಂದೆ ಸರಿದು, ರಸ್ತೆ ಅಗಲವಾದ ಕಡೆ ನಿಂತು ದಾರಿ ಬಿಡಬೇಕು. ಏಕೆಂದರೆ ಹತ್ತುವ ಗಾಡಿ ಒಮ್ಮೆ ಮಂಜುಗಡ್ಡೆಯ ಮೇಲೆ ನಿಂತರೆ ಮತ್ತೆ ಹೊರಡುವುದಿಲ್ಲ, ಲೋಡಿದ್ದರಂತೂ ಕೇಳುವುದೇ ಬೇಡ. ಇದನ್ನು ಹಾಲು ಕುಡಿಯುವ ವಯಸ್ಸಿನಲ್ಲೇ ಕಲಿತವಳು ನಾನು.

ಅತ್ತೆಯ ಸರದಿ ತಪ್ಪಿದ ಆ ಮಂಗಳವಾರ ಬೆಳಿಗ್ಗೆ ನಾನು ಇಳಿಯುತ್ತಿದ್ದೆ, ಎರಡು ಸಲ ಹಾರ್ನ್ ಮಾಡಿದೆ. ನೀನು ಹತ್ತುತ್ತಿದ್ದೆ, ಮರದ ದಿಮ್ಮಿ ತುಂಬಿದ ಲಾರಿ, ಉತ್ತರ ಕೊಟ್ಟೆ. ಕೇಳಿಸಿತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೂ ನಾನು ನಿಧಾನವಾಗಿ ಮುಂದೆ ಬಂದೆ, ತಿರುವಿನಲ್ಲಿ ಇಬ್ಬರ ಮೂತಿಯೂ ಎದುರಾಯಿತು. ನೀನು ಗಾಜಿಳಿಸಿ ತಲೆ ಹೊರಗೆ ಹಾಕಿದೆ.

"ಹಿಂದೆ ತಗೊಳ್ಳೇ! ಲೋಡಿದೆ ಕಣೇ!" ಎಂದೆ ನೀನು.

"ನೀನೇ ತಗೋ. ಮನೆ ಬಿಟ್ಟು ಹೋದವನಿಗೆ ಹಿಂದೆ ಹೋಗೋದೇನು ಹೊಸದಾ?" ಎಂದೆ ನಾನು.

"ಹುಚ್ಚಿ! ಒಳಗೆ ಅಮ್ಮ ಇದಾಳಲ್ಲೇ!"

"ಇದಾಳೆ ಅಂತ ಗೊತ್ತಲ್ಲ, ದಾರಿ ಬಿಡು ಹಾಗಾದ್ರೆ."

ಹಿಂದಿನ ಸೀಟಿನ ಮುದುಕಿಯರಿಬ್ಬರೂ ಶಿಲುಬೆಯ ಗುರುತು ಮಾಡಿಕೊಂಡರು. ನೀನು ಇಳಿದು ಬಂದು ನನ್ನ ಬಾನೆಟ್ ಗುದ್ದಿದೆ, ಅರವತ್ತು ಮೀಟರ್ ಹಿಂದೆ ಜಾಗ ಖಾಲಿ ಇದೆಯೆಂದು ಕೈ ಬೀಸಿ ಬೀಸಿ ತೋರಿಸಿದೆ. ನಾನು ಚೀಲದಿಂದ ಹೆಣಿಗೆ ತೆಗೆದೆ. ಇಂಜಿನ್ ಆರಿಸಿ, ಕಾಲುಚೀಲ ಹೆಣೆಯುತ್ತಾ ಕೂತೆ. ನಲವತ್ತು ನಿಮಿಷ! ಕೊನೆಗೆ ನೀನೇ ಆ ಲೋಡಿನ ಸಮೇತ, ಆ ಮಂಜುಗಡ್ಡೆಯ ಮೇಲೆ, ಇಳಿಜಾರಿನಲ್ಲಿ ಹಿಂದೆ ಸರಿದೆ. ನಿನ್ನ ಹಿಂದಿನ ಚಕ್ರ ಅಂಚಿನಿಂದ ಗೇಣಿನಷ್ಟೇ ದೂರವಿತ್ತೆಂದು ಬರೆದಿದ್ದೀಯ. ಇದ್ದಿರಬಹುದು.

ಹೌದು, ಇಳಿಯುವವಳು ಹಿಂದೆ ಸರಿಯಬೇಕಿತ್ತು. ತಪ್ಪು ನನ್ನದೇ, ಬರೆದು ಕೊಡುತ್ತಿದ್ದೇನೆ. ಕಾರಣ ಬೇಕೇ? ಹಟ. ಮದುವೆಯಾದ ದಿನದಿಂದ ಪ್ರತಿಯೊಂದಕ್ಕೂ ನಾನೇ ಹಿಂದೆ ಸರಿದಿದ್ದೆ. ಒಂದು ದಿನವಾದರೂ ನೀನು ಸರಿಯಲಿ ಎನ್ನಿಸಿತು, ಅಷ್ಟೇ. ತೃಪ್ತಿಯಾಯಿತೇ?

ಆದರೆ ಅದಕ್ಕೆ ಅತ್ತೆಯನ್ನು ಏಕೆ ಎಳೆದುಕೊಂಡು ಹೋಗುತ್ತೀಯ? ನೀನು ಇನ್ನೊಬ್ಬಳ ಮನೆಗೆ ಹೋದ ದಿನ ನಿನ್ನ ತಾಯಿ ಯಾರ ಜೊತೆ ಉಳಿದಳು? ಮೂರು ವರ್ಷದಿಂದ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಐದೂವರೆಗೆ ಆಕೆಯನ್ನು ಹೊದೆಸಿ, ಬಿಸಿನೀರಿನ ಬಾಟಲಿ ಕಾಲಿಗಿಟ್ಟು ಕರೆದೊಯ್ದವಳು ಯಾರು? ನೀನು ಇಲ್ಲಿಗೆ ಬಂದದ್ದು ಹಂದಿ ಕೊಯ್ಯುವ ದಿನ ಮಾತ್ರ, ಅದೂ ಮಾಂಸಕ್ಕೆ. ನಿನ್ನ ಪತ್ರವನ್ನು ನಾನೇ ಆಕೆಗೆ ಓದಿ ಹೇಳಿದೆ. ಕೇಳಿದವಳು ಒಲೆಗೆ ಒಂದು ಸೌದೆ ತುರುಕಿದಳು. ಆಮೇಲೆ, "ಅವನದು ಲಿಫ್ಟಿಲ್ಲದ ನಾಲ್ಕನೇ ಮಹಡಿ. ಒಂದ್ಸಲ ಹತ್ತಿದ್ರೆ ನನ್ನನ್ನ ಇಳಿಸೋದು ಪೆಟ್ಟಿಗೆಯಲ್ಲೇ. ನನ್ನ ಮೇಕೆಗಳ ಮುಖ ನೋಡ್ಕೊಂಡು ಸಾಯ್ತೀನಿ ಅಂತ ಅವನಿಗೆ ಬರಿ" ಎಂದಳು. ಬರೆದಿದ್ದೇನೆ.

ಅವಳು ಇಲ್ಲಿರಬೇಕಾದರೆ ವಾರಕ್ಕೆ ಮೂರು ಸಲ ಯಾರಾದರೂ ಬೆಟ್ಟ ಇಳಿಸಿ ಹತ್ತಿಸಲೇಬೇಕು. ಆ ಕೆಲಸ ನನ್ನದು. ನನ್ನದೇ ಆಗಿರುತ್ತದೆ. ನೀನು ನಿನ್ನ ದಿಮ್ಮಿಗಳನ್ನು ನೋಡಿಕೋ.

ಇಂತಿ,
ನಿನಗೆ ಏನೂ ಆಗಬೇಕಾಗಿಲ್ಲದ
ದಫಿನಾ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಒಡೆದು ಬರೆಯುತ್ತಿದ್ದೇನೆ. ಗಾಂಚೊ ಹೊರಗೆ ಹಾರ್ನ್ ಮಾಡುತ್ತಿದ್ದಾನೆ, ಕಾಯಲಿ.

ಹಟವಲ್ಲ, ರಾಶ್ಕೋ. ಹಟ ಎಂದು ಬರೆಯುವುದು ಸುಲಭವಾಯಿತು. ನನಗೆ ಹಿಂದೆ ಸರಿಯಲು ಆಗಲಿಲ್ಲ. ಎಡಗಣ್ಣು ಹೋಗಿದೆ. ಅಕ್ಟೋಬರಿನಲ್ಲೇ ಪೇಟೆಯ ಕಣ್ಣಿನ ಡಾಕ್ಟರು ಹೇಳಿದ್ದರು, ಇದು ಮರಳಿ ಬರುವಂಥದ್ದಲ್ಲ, ಬಸ್ಸು ಓಡಿಸುವುದನ್ನು ಇವತ್ತೇ ಬಿಡಿ ಎಂದು. ಹೂಂ ಎಂದು ತಲೆಯಾಡಿಸಿ ಹೊರಗೆ ಬಂದು, ಬಸ್ಸು ಹತ್ತಿ, ಅತ್ತೆಯನ್ನು ಕೂರಿಸಿಕೊಂಡು ಮನೆಗೆ ಓಡಿಸಿದೆ. ಕನ್ನಡಿಯಲ್ಲಿ ಕಾಣುವ ಅಂಚು ಎಷ್ಟು ದೂರದಲ್ಲಿದೆ ಎಂದು ನನಗೆ ಅಂದಾಜು ಸಿಗುವುದಿಲ್ಲ. ಎಡಗಡೆ ಪ್ರಪಾತ, ಒಳಗೆ ಮೂವರು ಮುದುಕಿಯರು. ನಿನಗೆ ಹೇಳುವುದಕ್ಕಿಂತ ಬೈಸಿಕೊಳ್ಳುವುದೇ ಮೇಲೆನ್ನಿಸಿತು. ಆ ನಲವತ್ತು ನಿಮಿಷ ಹೆಣೆದದ್ದನ್ನೆಲ್ಲ ಬಿಚ್ಚಿದೆ, ಒಂದು ಸಾಲೂ ನೆಟ್ಟಗಿರಲಿಲ್ಲ. ನೀನು ಆ ಲೋಡಿನೊಂದಿಗೆ ಹಿಂದೆ ಸರಿಯುವಾಗ ನಾನು ನೋಡಲಿಲ್ಲ, ಕಣ್ಣು ಮುಚ್ಚಿ ಕೂತಿದ್ದೆ. ನೀನು ಬಿದ್ದಿದ್ದರೆ ನಾನು ಏನು ಮಾಡಬೇಕಿತ್ತೋ ನನಗೆ ಗೊತ್ತಿಲ್ಲ.

ನಿನ್ನೆ ಗುರುವಾರ ಊರು ಮುಟ್ಟುವಾಗ ಅತ್ತೆ ಇದ್ದಕ್ಕಿದ್ದಂತೆ "ನಿಲ್ಸು!" ಎಂದು ಕಿರುಚಿದಳು. ಬ್ರೇಕ್ ತುಳಿದೆ, ಬಸ್ಸು ಜಾರಿ ಜಾರಿ ನಿಂತಿತು. ಸೌದೆ ಹೇರಿದ ಹಿಮಬಂಡಿ ಎಳೆದುಕೊಂಡು ಬಾವಿಮನೆಯ ರಡ್ಕಾ ನನ್ನ ಬಂಪರಿನಿಂದ ಮೊಳದೂರದಲ್ಲಿ ನಿಂತಿದ್ದಳು, ಹೊಟ್ಟೆಯಲ್ಲಿ ಏಳು ತಿಂಗಳು. ನಾನು ಅವಳನ್ನು ನೋಡಿಯೇ ಇರಲಿಲ್ಲ. ಆದರೂ ಗಾಜಿಳಿಸಿ ಅವಳನ್ನೇ ಬೈದೆ, ರಸ್ತೆ ಏನು ನಿಮ್ಮಪ್ಪಂದಾ ಎಂದು. ಆ ಹುಡುಗಿ "ತಪ್ಪಾಯ್ತು ಅಕ್ಕಾ" ಎಂದು ನನ್ನ ಕ್ಷಮೆ ಕೇಳಿದಳು ರಾಶ್ಕೋ. ಮನೆಗೆ ಬಂದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: "ಯಾವಾಗಿಂದ ಮಗಳೇ?"

ಬಸ್ಸಿನ ಕೆಲಸ ಬಿಟ್ಟೆನೆಂದು ಈ ಲಕೋಟೆ ಅಂಟಿಸಿದ ಮೇಲೆ ಪಂಚಾಯ್ತಿಗೆ ಬರೆದುಕೊಟ್ಟು ಬಂದೆ. ನಾಳೆ ಶನಿವಾರದ ಮಟ್ಟಿಗೆ ದನದ ಡಾಕ್ಟರು ಅತ್ತೆಯನ್ನು ಕರೆದೊಯ್ಯಲು ಒಪ್ಪಿದ್ದಾರೆ. ಗಾಜು ಪೂರ್ತಿ ಕೆರೆಯದೆ ಹೊರಟರೆ ಹತ್ತಿಸುವುದಿಲ್ಲ ಎಂದಿದ್ದೇನೆ. ಅದರಾಚೆಗೆ ಯಾರೂ ಇಲ್ಲ. ನಿನ್ನ ಬಸ್ ಲೈಸೆನ್ಸ್ ಇನ್ನೂ ಇದೆ, ನನಗೆ ಗೊತ್ತು.

ಭಾನುವಾರ ಬಾ. ಅವಳನ್ನು ಕರೆದೊಯ್ಯಲು ಅಲ್ಲ, ಬಸ್ಸಿನ ಕೀಲಿ ತೆಗೆದುಕೊಳ್ಳಲು. ಮಂಗಳವಾರ ಐದೂವರೆಗೆ ಅವಳನ್ನು ಹೊದೆಸಿ ಗೇಟಿನ ಹತ್ತಿರ ನಿಲ್ಲಿಸಿರುತ್ತೇನೆ.