ಹಾರದ ವಿಮಾನದ ಬಾಬ್ತು

ನಜರ್‌ಬಾದ್, ಮೈಸೂರು
೧೦ ಆಗಸ್ಟ್ ೧೯೫೭, ಶನಿವಾರ

ಪ್ರೀತಿಯ ನಿಮಗೆ,

ಹೆಸರು ಬರೆಯೋಣವೆಂದು ಪೆನ್ನು ಊರಿದೆ, ಕೈ ಬರಲಿಲ್ಲ. ದೇವೀರಮ್ಮಜ್ಜಿ ಪಕ್ಕದಲ್ಲೇ ಕೂತು ಎಲೆಅಡಿಕೆ ಕುಟ್ಟುತ್ತಿದ್ದಾಳೆ. ಅವಳಿಗೆ ಓದು ಬರುವುದಿಲ್ಲ. ಆದರೂ ಮೊಮ್ಮಗಳು ಗಂಡನ ಹೆಸರು ಬರೆದರೆ ಹೇಗೋ ಗೊತ್ತಾಗಿಬಿಡುತ್ತದೆ ಎಂದು ಭಯ. ನಿಮ್ಮ ಆರೋಗ್ಯ ಹೇಗಿದೆ? ಮಳೆಯಲ್ಲಿ ನೆನೆದು ಗಂಟಲು ಕಟ್ಟಿದೆ ಎಂದು ಬರೆದಿದ್ದಿರಿ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ. ಹೊರಗೆ ಹೋಗುವಾಗ ಕೊಡೆ ಹಿಡಿದುಕೊಳ್ಳಿ, ನಿಮ್ಮದೇ ಕೊಡೆ. ಇಲ್ಲಿ ನಾವೆಲ್ಲ ಕ್ಷೇಮ.

ಈ ಬೆಳಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದಾಗ ಒಂದು ಗುಬ್ಬಿ ನಮ್ಮ ತೋರಣದ ದಾರ ಎಳೆಯುತ್ತಿತ್ತು. ನಿಮಗೆಂದು ಕಟ್ಟಿದ ತೋರಣ ಅದು. ಮಾವಿನೆಲೆ ಒಣಗಿ ಸುರುಟಿಕೊಂಡಿದೆ, ಯಾರೂ ಬಿಚ್ಚಿಲ್ಲ. ನಾನೂ ಗುಬ್ಬಿಯನ್ನು ಓಡಿಸಲಿಲ್ಲ. ಅದಕ್ಕಾದರೂ ಗೂಡಿಗೆ ಉಪಯೋಗವಾಗಲಿ.

ನೀವು ಬರಬೇಕಿದ್ದ ದಿನ ಇಲ್ಲಿ ಹೇಗಿತ್ತೆಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ವೈಶಾಖದಲ್ಲಿ ಮದುವೆಯಾಗಿ, ಆಷಾಢವೆಂದು ತವರಿಗೆ ಬಂದ ಹುಡುಗಿಯನ್ನು ಶ್ರಾವಣದಲ್ಲಿ ಗಂಡ ಬಂದು ಕರೆದುಕೊಂಡು ಹೋಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಆದರೆ ವಿಮಾನದಲ್ಲಿ ಬಂದು ಕರೆದೊಯ್ಯುವ ಗಂಡ ನಮ್ಮ ಬೀದಿಗೆ ಹೊಸಬ. ರೈಲಿನಲ್ಲಿ ಬಂದರೆ ರಜವೆಲ್ಲ ದಾರಿಯಲ್ಲೇ ಮುಗಿಯುತ್ತದೆ ಎಂದು ನೀವು ಬರೆದದ್ದೇ ತಡ, ಅಪ್ಪ ಅದನ್ನು ಹಾಲು ಹಾಕುವ ಹುಚ್ಚಯ್ಯನಿಗೂ ಹೇಳಿಬಂದರು. ಅಮ್ಮ ಒಬ್ಬಟ್ಟು ಮಾಡಿದಳು. ತಮ್ಮ ದೇವರಾಜು ಕಾಲೇಜಿಗೆ ಚಕ್ಕರ್ ಹಾಕಿ ನಿಮ್ಮನ್ನು ಇದಿರುಗೊಳ್ಳಲು ಬೆಂಗಳೂರಿಗೆ ಹೋದ. ನಾನು ಹಸಿರು ರೇಷ್ಮೆ ಉಟ್ಟು, ಜಟಕಾ ಸದ್ದಾದಾಗಲೆಲ್ಲ ಗೇಟಿಗೆ ಹೋಗಿ ತುಳಸಿ ನೋಡುವವಳಂತೆ ನಿಂತೆ. ಕತ್ತಲಾದ ಮೇಲೆ ದೇವರಾಜು ಒಬ್ಬನೇ ಬಂದ. ವಿಮಾನ ಬರುತ್ತದೆ, ಬರುತ್ತದೆ ಎಂದು ಸಂಜೆವರೆಗೂ ಅವನನ್ನು ಕೂರಿಸಿ, ಕೊನೆಗೆ ಬೊಂಬಾಯಿಯಿಂದ ಹೊರಟೇ ಇಲ್ಲ ಅಂದರಂತೆ. ಅಜ್ಜಿ ಕೇಳಿದ್ದು ಒಂದೇ ಮಾತು: “ಗಾಡಿಯಾದ್ರೆ ಕೆಸರಲ್ಲಿ ಊತ್ಕೊತದೆ. ಆಕಾಸದಲ್ಲಿ ಎಂಥ ಕೆಸರ್ಲಾ?” ಮಾರನೆಯ ದಿನ ಒಬ್ಬಟ್ಟು ಬೀದಿಗೆಲ್ಲ ಹಂಚಿಹೋಯಿತು. ಎಲ್ಲರೂ ಚೆನ್ನಾಗಿದೆ ಅಂದರು.

ಮೊನ್ನೆ ಗುರುವಾರ ನಿಮ್ಮ ಕಾಗದ ಬಂತು. ಮೇಲೆ ನಂಜುಂಡಸ್ವಾಮಿಯವರಿಗೆ ಎಂದು ಅಪ್ಪನ ವಿಳಾಸವಿತ್ತಲ್ಲ, ಅವರೇ ಒಡೆದರು. ವಿಮಾನದ ಸಮಾಚಾರವೆಂದು ಜಗುಲಿಯ ಮೇಲೆ ಗಟ್ಟಿಯಾಗಿ ಓದಿದರು. ಪಕ್ಕದ ಮನೆ ಲಕ್ಷ್ಮಮ್ಮನವರೂ ಮೊರ ಹಿಡಿದುಕೊಂಡೇ ಬಂದು ಕೂತರು. ನಾನು ಬಾಗಿಲ ಹಿಂದಿದ್ದೆ. ಮಳೆ, ನಿಂತ ವಿಮಾನ, ನಾಳೆ ಬನ್ನಿ ಎಂದು ಹೇಳಿ ಕಂಪನಿಯವನು ಬೆನ್ನು ತಿರುಗಿಸಿದ್ದು, ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಕಾಗದದೊಳಗೆ ಪ್ರೇಮಲೀಲಾ ಬಂದಳು. ಬೆಂಗಳೂರಿನ ಹುಡುಗಿ, ಬೊಂಬಾಯಿಯ ಬ್ಯಾಂಕಿನಲ್ಲಿ ಕೆಲಸ, ಕಂಪನಿಯವನನ್ನು ತಡೆದು ನಿಲ್ಲಿಸಿದವಳು. ಟಿಕೆಟ್ ಮಾರುವಾಗ ಇದ್ದ ಮರ್ಯಾದೆ ಈಗೆಲ್ಲಿ ಹೋಯಿತು, ಹೊರಟವರಿಗೆ ಊಟ ಮತ್ತು ಮಲಗಲು ಜಾಗ ಕೊಡಿ, ನಾಳೆಯೂ ಹಾರದಿದ್ದರೆ ಹಣ ವಾಪಸು ಮಾಡಿ, ಕಳೆದುಹೋದ ದಿನಕ್ಕೆ ಪರಿಹಾರವನ್ನೂ ಕೊಡಿ ಎಂದು ಅವಳು ಕೇಳಿದಳು. ನೀವೆಲ್ಲ ಗಂಡಸರು ಅವಳ ಹಿಂದೆ ಸುಮ್ಮನೆ ನಿಂತಿರಿ. ‘ಇಂಥ ಹೆಂಗಸರು ನಮ್ಮ ದೇಶಕ್ಕೆ ಬೇಕು’ ಎಂದು ಬರೆದಿದ್ದೀರಿ. ಅಪ್ಪ ಆ ವಾಕ್ಯವನ್ನು ಮೆಚ್ಚಿಕೊಂಡು ಮತ್ತೆ ಓದಿದರು. ಕೊನೆಗೆ ಕಂಪನಿ ಕೊಟ್ಟ ಹೋಟೆಲಿಗೆ ಅವಳ ಕೊಡೆಯಲ್ಲಿ ನೀವಿಬ್ಬರೂ ನಡೆದ ಜಾಗಕ್ಕೆ ಬಂದಾಗ ಅಮ್ಮ ಕೆಮ್ಮಿದಳು. ಲಕ್ಷ್ಮಮ್ಮನವರು ಮೊರ ಕೆಳಗಿಟ್ಟು, “ಯಾರಮ್ಮ ಆ ಪ್ರೇಮಲೀಲಾ? ನಿಮ್ಮಳಿಯನ ಕಡೆ ನೆಂಟ್ರಾ?” ಅಂದರು.

ಪುಣ್ಯಕ್ಕೆ ದೇವರಾಜು ವಾದ ಎತ್ತಿದ. ಪರಿಹಾರ ಕೊಡಲೇಬೇಕು ಎಂದು ಅವನು. “ಮಳೆಗೆ ಕಂಪನಿಯವರು ಏನ್ಮಾಡ್ತಾರೋ? ಅದು ದೇವರ ಇಚ್ಛೆ” ಎಂದು ಅಪ್ಪ. “ಟಿಕೆಟ್ ಮಾರುವಾಗ ದೇವರನ್ನ ಕೇಳಿ ಮಾರಿದ್ರಾ ಅಪ್ಪ?” ಎಂದ ಅವನು. ಅಪ್ಪ ಸೋಲಲಿಲ್ಲ. “ನಿಂತ ವಿಮಾನಕ್ಕೆಲ್ಲ ದಂಡ ಹಾಕ್ತಾ ಹೋದ್ರೆ, ಆ ದಂಡಕ್ಕೆ ಹೆದರಿ ಮಳೇಲೂ ಹಾರಿಸ್ಬುಡ್ತಾರೆ ಕಣೋ. ಆಮೇಲೆ ನಿಮ್ಮ ಭಾವನ ಗತಿ?” ನೀವು ನೆಲದ ಮೇಲೆ ಉಳಿದದ್ದೇ ಒಳ್ಳೆಯದಾಯಿತು ಎಂದು ನನಗೂ ಒಂದು ಗಳಿಗೆ ಎನ್ನಿಸಿತು. ಯಾರ ಪಕ್ಕದಲ್ಲಿ ಉಳಿದಿರಿ ಎಂಬುದು ಮರುಗಳಿಗೆ ನೆನಪಾಯಿತು.

ನಾನು ಬಿ.ಎ.ಯಲ್ಲಿ ಸಾಹಿತ್ಯ ಓದಿದವಳು. ಒಂದು ಕಾಗದದಲ್ಲಿ ಯಾರಿಗೆ ಎಷ್ಟು ಜಾಗ ಸಿಕ್ಕಿದೆಯೆಂದು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಪ್ರೇಮಲೀಲಾ ಪುಟ ತುಂಬ ಇದ್ದಾಳೆ. ನಾನು ಕೊನೆಯಲ್ಲಿ, ‘ಮರುದಿನವೂ ವಿಮಾನ ಹಾರಲಿಲ್ಲ, ರಜ ಮುಗಿಯಿತು. ರಮಾಮಣಿಗೆ ಬೇಸರವಾಗದಿರಲಿ, ದೀಪಾವಳಿಗೆ ಖಂಡಿತ ಬಂದು ಕರೆದೊಯ್ಯುತ್ತೇನೆ’ ಎಂಬಲ್ಲಿ ಇದ್ದೇನೆ. ಇನ್ನೊಂದು ಸಂಗತಿ. ನಿಮ್ಮ ರೂಮಿನಲ್ಲಿ ವಿಮಾನದ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಆಷಾಢದಲ್ಲಿ ಬರೆದವರು ನೀವೇ. ಸ್ವಂತ ಹಾಸಿಗೆ ಅಷ್ಟು ಹತ್ತಿರವಿರುವಾಗ ಕಂಪನಿಯ ಹೋಟೆಲು ಯಾಕೆ ಬೇಕಾಯಿತು? ಬೆಳಗ್ಗೆ ಬೇಗ ಹೊರಟರೂ ಹೊರಡಬಹುದೆಂದು ಎಲ್ಲರನ್ನೂ ಒಟ್ಟಿಗಿಟ್ಟಿರಬೇಕು ಎಂದು ನಾನೇ ನಿಮ್ಮ ಪರವಾಗಿ ವಾದಿಸಿಕೊಂಡೆ. ವಾದ ಗೆದ್ದೆ, ಸಮಾಧಾನವಾಗಲಿಲ್ಲ.

ಅವಳು ಕೇಳಿದ್ದು ಸರಿಯಾಗಿದೆ. ನನ್ನ ಹೊಟ್ಟೆಯುರಿಗೆ ಅದೇ ಕಾರಣ. ತಪ್ಪು ಹೇಳಿದ್ದರೆ ಬಾಯಿಬಡುಕಿ ಎಂದು ಬಯ್ದು ಮರೆಯುತ್ತಿದ್ದೆ. ಅವಳು ನಿಮ್ಮೆಲ್ಲರ ಮುಂದೆ ನಿಂತು ಕೇಳಿದ್ದನ್ನು ನಾನು ಕನ್ನಡಿಯ ಮುಂದೆ ನಿಂತು ಕೇಳಿ ನೋಡಿದೆ. ಮೊದಲ ವಾಕ್ಯಕ್ಕೇ ಧ್ವನಿ ನಡುಗಿತು. ನಿಮಗೆ ಅವಳ ಕೊಡೆ ಸಿಕ್ಕಿದ್ದಕ್ಕಿಂತ ಅವಳಿಗೆ ಆ ಗಂಟಲು ಸಿಕ್ಕಿದ್ದು ನನಗೆ ಹೆಚ್ಚು ಚುಚ್ಚುತ್ತಿದೆ. ನಾನು ಹಾಗೆ ಮಾತಾಡುವವಳಾಗಿದ್ದರೆ ನನ್ನನ್ನು ದೀಪಾವಳಿಗೆ ತಳ್ಳುತ್ತಿದ್ದಿರಾ?

ಕಂಪನಿಯವರು ಪರಿಹಾರ ಕೊಡಬೇಕೇ ಎಂದು ನೀವು ಅಪ್ಪನ ಅಭಿಪ್ರಾಯ ಕೇಳಿದ್ದೀರಿ. ನನ್ನದನ್ನೂ ಹೇಳುತ್ತೇನೆ. ಮಳೆಗಾಗಿ ಯಾರೂ ದಂಡ ಕೊಡಬೇಕಾಗಿಲ್ಲ, ಅಪ್ಪನ ಮಾತು ನಿಜ. ಆದರೆ ಮಾತು ಕೊಟ್ಟು ಕೂರಿಸಿಕೊಂಡವರನ್ನು ಉಪವಾಸ ಬಿಡಬಾರದು, ನಿಜ ಹೇಳದೆ ಸತಾಯಿಸಲೂ ಬಾರದು. ಮಾಡಿದರೆ ಅದಕ್ಕೆ ಪರಿಹಾರ ಕೊಡಲೇಬೇಕು. ಟಿಕೆಟ್ ಕೊಂಡವರಿಗೆ ಕೇಳಲು ಒಂದು ಮೇಜಾದರೂ ಇದೆ. ಗೇಟಿನ ಹತ್ತಿರ ನಿಂತವರು ಯಾರನ್ನು ಕೇಳಬೇಕು? ಬರುವುದಿಲ್ಲವೆಂದು ಒಂದು ತಂತಿ ಸಾಕಾಗಿತ್ತು. ಹೋಟೆಲಿನಲ್ಲಿ ಬಿಸಿ ಊಟ ಬಂದಾಗ ನಿಮಗೆ ಅದು ನೆನಪಾಗಲಿಲ್ಲ. ಕಂಪನಿಗೂ ನಿಮಗೂ ಏನು ವ್ಯತ್ಯಾಸವೆಂದು ಯೋಚಿಸುತ್ತಿದ್ದೇನೆ. ಕಂಪನಿ ಕೊನೆಗೆ ಊಟವನ್ನಾದರೂ ಹಾಕಿತು.

ಕಟುವಾಯಿತೇನೋ. ಹರಿದುಹಾಕಿ ಬೇರೆ ಬರೆಯೋಣವೆನ್ನಿಸುತ್ತಿದೆ. ಬರೆದರೆ ಮತ್ತೆ ಬರೀ ಕ್ಷೇಮಸಮಾಚಾರವೇ ಆಗುತ್ತದೆ, ಇದೇ ಇರಲಿ. ಅಮ್ಮ ನಿಮಗೆ ಚಟ್ನಿಪುಡಿ ಮಾಡುತ್ತಿದ್ದಾಳೆ, ಕುಟ್ಟುವಾಗ ಸದ್ದು ಸ್ವಲ್ಪ ಜೋರಾಗಿದೆ. ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಅಜ್ಜಿಯ ಆಶೀರ್ವಾದವೂ ಇದೆ, ಆದರೆ ಅಳಿಯದೇವರು ನೆಲದ ಮೇಲೇ ಓಡಾಡಲಿ ಎಂಬ ಷರತ್ತಿನ ಮೇಲೆ.

ನಮಸ್ಕಾರಗಳೊಂದಿಗೆ, ಇನ್ನೂ ಸಿಟ್ಟಿನಲ್ಲಿರುವ
ನಿಮ್ಮ ರಮಾಮಣಿ

ಮರೆತ ಮಾತು: ನಾನು ಮುಂದಿನ ಭಾನುವಾರ, ಹದಿನೆಂಟನೇ ತಾರೀಕು, ಬೊಂಬಾಯಿಗೆ ಹೊರಟು ಬರುತ್ತಿದ್ದೇನೆ. ಸಂಜೆ ದೇವರಾಜುವನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ನಾನು ಕೇಳ್ತೀನಿ ಬಿಡಕ್ಕ ಎಂದ. ಬೇಡವೆಂದು ನಾನೇ ಟಿಕೆಟ್ ಕಿಟಕಿಯ ಮುಂದೆ ನಿಂತು ಕೇಳಿದೆ. ಒಳಗಿದ್ದವರಿಗೆ ಮೊದಲ ಸಲ ಕೇಳಿಸಲಿಲ್ಲ, ಎರಡನೇ ಸಲ ಕೇಳಿಸಿತು. ದೇವರಾಜು ಬೆಂಗಳೂರಿನಲ್ಲಿ ಪುಣೆಯ ರೈಲು ಹತ್ತಿಸುತ್ತಾನೆ, ಪುಣೆಯಲ್ಲಿ ನಾನೇ ಇಳಿದು ಬದಲಾಯಿಸಬೇಕು. ಕರೆಯಲು ಬಾರದೆ ಹೆಣ್ಣು ಹೋಗುವುದುಂಟೇ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ, ಅವರಿಗೆ ನಾಳೆ ಹೇಳುತ್ತೇನೆ. ಅಜ್ಜಿಗೆ ಹೇಳಿಯಾಯಿತು. ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, “ಮಡಿಲಕ್ಕಿ ತುಂಬುಸ್ಕೊಂಡು ಓಗು” ಅಂದಳು. ಮಂಗಳವಾರ ಮಧ್ಯಾಹ್ನ ದಾದರ್ ಸ್ಟೇಷನ್ನಿಗೆ ಬನ್ನಿ. ಮಳೆಗೆ ರೈಲು ತಡವಾದರೂ ಆಗಬಹುದು, ಹೊರಟುಹೋಗಬೇಡಿ, ಅಲ್ಲೇ ನಿಂತಿರಿ. — ರ.