ನಮ್ಮ ಮೂಲ ಯಾವೂರು

೧೫-೨-೧೯೫೯, ಭಾನುವಾರ. ಭದ್ರಾವತಿ

ನಿದ್ದೆ ಬರುತ್ತಿಲ್ಲ. ಅಕ್ಕ ಜಗದಾಂಬಾಳನ್ನು ನೋಡಲು ಶಿವಮೊಗ್ಗದಿಂದ ಗಂಡಿನ ಕಡೆಯವರು ಬಂದಿದ್ದರು. "ನಿಮ್ಮ ಮೂಲ ಯಾವೂರು?" ಎಂದು ಹುಡುಗನ ದೊಡ್ಡಪ್ಪ ಕೇಳಿದರು. ಅಪ್ಪ, "ಹರಿಹರದ ಹತ್ತಿರ" ಎಂದರು.

"ಯಾವ ಹಳ್ಳಿ? ನಮ್ಮ ನೆಂಟರೆಲ್ಲ ಆ ಕಡೆಯವರೇ."

ಅಪ್ಪ ತಡವರಿಸಿದರು. ನಾನು ಬಾಯಿ ಹಾಕಿದೆ. "ಅಜ್ಜ ಕಬ್ಬಿಣದ ಕಾರ್ಖಾನೆಗೆ ಕೂಲಿಗೆ ಬಂದವರು. ಎಲ್ಲಿಂದ ಅಂತ ಯಾರಿಗೂ ಹೇಳಲಿಲ್ಲ."

"ಬುಡವೇ ಗೊತ್ತಿಲ್ಲದ ಮನೆಯಿಂದ ಹೆಣ್ಣು ತರೋದು ಹೇಗೆ?" ಎಂದು ಅವರು ಎದ್ದೇ ಬಿಟ್ಟರು.

ಮೂಲ, ಬುಡ, ಬೇರು ಎಲ್ಲವೂ ಗಿಡಕ್ಕೆ ಹೇಳುವ ಮಾತುಗಳು. ನಡೆದು ಬಂದವರಿಗೆ ಯಾವ ಮಾತಿದೆ?

"ಸ್ಕೂಲು ಬಿಟ್ಟೆ, ಈಗ ಸಂಬಂಧಾನೂ ಬಿಡಿಸಿದೆಯಲ್ಲೋ" ಎಂದರು ಅಪ್ಪ. ಅಕ್ಕ ಬೈಯಲಿಲ್ಲ. ಲೋಟ ತೊಳೆಯುತ್ತ, "ಹುಡುಗ ನಂಗೆ ಹಿಡಿಸಿದ್ದ ಕಣೋ" ಎಂದಳು.

ನಾನು ಹೇಳಿದ್ದು ಸುಳ್ಳಲ್ಲ. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಗೋಡೆಯಾಚೆ ಅವಳೂ ಮಲಗಿಲ್ಲ, ಮತ್ತೆ ಮತ್ತೆ ಬಳೆಯ ಸದ್ದು ಕೇಳುತ್ತಿದೆ.