ಇಪ್ಪತ್ತನಾಲ್ಕು ಗಂಟೆ

ಬಳ್ಳಾರಿ, ಕಂಟೋನ್ಮೆಂಟ್
೫ ಮೇ ೨೦೨೪, ಭಾನುವಾರ

ನನ್ನ ಬಂಗಾರದಂಥ ಮೊಮ್ಮಗಳು ಸೌಂದರ್ಯಾ,

ಕಿವಿನೋವು ಕಡಿಮೆಯಾಯಿತೆ? ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಮುಳುಗುವ ಮೈ, ತಲೆಗೆ ಎಣ್ಣೆಯಾದರೂ ಹಚ್ಚಿಕೊಳ್ಳುತ್ತೀಯೋ ಇಲ್ಲವೋ. ಆ ದ್ವೀಪದಲ್ಲಿ ಮೀನಿಲ್ಲದ ಊಟ ಸಿಗುವುದು ಕಷ್ಟ ಎಂದಿದ್ದೆಯಲ್ಲ, ಕಟಕ ರೊಟ್ಟಿ, ಶೇಂಗಾಪುಡಿ ಮುಟ್ಟಿದವೆ? ಪುಡಿ ಕುಟ್ಟಿದ್ದು ನಿನ್ನ ಅವ್ವ. ನನ್ನ ಹೆಸರು ಬರೆಯಬೇಡಿರಿ ಎಂದಿದ್ದಳು, ಬರೆದುಬಿಟ್ಟೆ.

ಪಕ್ಕದ ಮನೆ ಪಕ್ಕೀರಮ್ಮ ಮೊನ್ನೆ ನಿನ್ನ ಕೆಲಸದ ಬಗ್ಗೆ ಕೇಳಿದಳು. ಹವಳದ ದಿಬ್ಬದ ಮೇಲೆ ಐವತ್ತು ಮೀಟರಿನ ಟೇಪು ಹಾಸಿ, ಅದರ ಕೆಳಗೆ ಜೀವ ಇರುವುದೆಷ್ಟು, ಸತ್ತದ್ದೆಷ್ಟು ಎಂದು ನೀರೊಳಗೇ ಪ್ಲಾಸ್ಟಿಕ್ ಪಾಟಿಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾಳೆ ಎಂದು ನೀನು ಹೇಳಿಕೊಟ್ಟಂತೆಯೇ ಹೇಳಿದೆ. "ಕಲ್ಲು ಎಣಸಾಕ ಅಷ್ಟು ದೂರ ಯಾಕ್ರಿ ಯಜ್ಜಾ, ನಮ್ಮ ಬಳ್ಳಾರಿ ಗುಡ್ಡ ಸಾಲಲಿಲ್ಲೇನು?" ಎಂದಳು. ನಿನ್ನ ಅವ್ವನೂ ನಕ್ಕಳು. ಫೆಬ್ರವರಿಯಲ್ಲಿ ನಿನ್ನ ಅಪ್ಪ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಈ ವರ್ಷ ನೀರು ಕಾದು ಹವಳವೆಲ್ಲ ಬೆಳ್ಳಗಾಗಿದೆ, ಪಾಟಿಯಲ್ಲಿ ಸತ್ತದ್ದೇ ಹೆಚ್ಚು ಎಂದು ನನಗೆ ಬರೆದಿದ್ದೆಯಲ್ಲ, ಅದನ್ನು ಆಕೆಗೆ ಓದಿ ಹೇಳಿದೆ. "ದಿನಾ ಸತ್ತದ್ದನ್ನ ಬರಕೋತ ಇರ್ತಾಳಲ್ರಿ ಮಾವಾ, ನನ್ನ ಮಗಳು" ಎಂದಳು.

ಮೂರು ತಿಂಗಳಾಯಿತು, ನೀನು ಆಕೆಯ ಕೂಡ ಮಾತು ಬಿಟ್ಟು. ಹಚ್ಚೊಳ್ಳಿಯ ಹೊಲದಲ್ಲಿ, ಅಪ್ಪನ ಮಣ್ಣಿನ ಮುಂದೆ ನಿಂತು, "ಒಂದು ಮಾತು ಹೇಳಾಕ ಏನಾಗಿತ್ತವ್ವಾ ನಿನಗ?" ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು.

ಹೇಳಬೇಡ ಎಂದವನು ನಾನು, ಕೂಸೇ. ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಗೋಲಿಸೋಡಾ ತುಂಬಿದ ಅಜ್ಜನಿಗೆ ತಿಳಿಯಲೆಂದು ನೀನೇ ಹೇಳಿದ್ದೆ: ನೀರಿನಾಳದಿಂದ ಬಂದ ಮೈ ಸೋಡಾ ಬಾಟ್ಲಿ ಇದ್ದಂತೆ, ಇಪ್ಪತ್ತನಾಲ್ಕು ಗಂಟೆಯೊಳಗೆ ವಿಮಾನ ಹತ್ತಿದರೆ ರಕ್ತದಲ್ಲಿ ಗುಳ್ಳೆ ಏಳುತ್ತವೆ ಎಂದು. ಆ ಗುರುವಾರ ಮಧ್ಯಾಹ್ನ ನಿನ್ನ ಅಪ್ಪ ಗವಿಸಿದ್ದೇಶನಿಗೆ ಎದೆನೋವು ಬಂದಾಗ ನೀನು ನೀರಿನಲ್ಲಿದ್ದೆ. ಮೂರಕ್ಕೆ ಮೇಲೆ ಬರುತ್ತೀ ಎಂದು ಗೊತ್ತಿತ್ತು. ನಿನ್ನ ಅವ್ವ ಫೋನು ತೆಗೆದಳು, ನಾನು ಕಸಿದುಕೊಂಡೆ. "ಆಕಿ ಕೇಳಿದ ಕೂಡ್ಲೇ ವಿಮಾನ ಹತ್ತತಾಳ ಶೀಲಾ, ನಾಳಿ ಹೇಳೋಣ" ಎಂದೆ. ಮರುದಿನ ಶುಕ್ರವಾರ, ನಿಮ್ಮ ದೋಣಿಗೆ ರಜೆ, ನೀನು ಮತ್ತೆ ನೀರಿಗಿಳಿಯುವುದಿಲ್ಲ. ಮಗ ಅಂದೇ ಸಂಜೆ ಹೋಗುತ್ತಾನೆಂದು ಯಾರಿಗೆ ಗೊತ್ತಿತ್ತು? ಅವನು ಹೋದ ಮೇಲಂತೂ ನೀನೊಬ್ಬಳಾದರೂ ಉಳಿಯಲಿ ಎಂದು ಗಡಿಯಾರ ನೋಡುತ್ತಲೇ ಕೂತೆ. ಮಣ್ಣು ಮುಗಿದು, ಶುಕ್ರವಾರ ಮೂರು ಹೊಡೆದ ಮೇಲೆಯೇ ಫೋನು ಮಾಡಲು ಬಿಟ್ಟೆ. ನೀನು ಬಂದು ಕೇಳಿದಾಗ ನಿನ್ನ ಅವ್ವ ನನ್ನ ಕಡೆ ಬೆರಳು ತೋರಿಸಲಿಲ್ಲ. ಮಗನನ್ನು ಕಳೆದುಕೊಂಡ ಮುದುಕ, ಇನ್ನೇನು ಅನ್ನುವುದು ಎಂದುಕೊಂಡಿರಬೇಕು. ನಾನೂ ಬಾಯಿ ಬಿಡಲಿಲ್ಲ.

ನೀರಿಗಿಳಿದಾಗ ಜೋಡಿಯವರನ್ನು ಬಿಟ್ಟು ದೂರ ಹೋಗಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ಶರಣು. ಶಿವ ನಿನ್ನನ್ನು ಕಾಯಲಿ.

ನಿನ್ನ ಅಜ್ಜ,
ಮರಿಬಸಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಇದನ್ನೂ ಬರೆಯುತ್ತೇನೆ, ಇಲ್ಲವಾದರೆ ಎಂದೂ ಬರೆಯಲಾರೆ. ಆ ಗುರುವಾರ ಐದರ ಸುಮಾರಿಗೆ, ಆಸ್ಪತ್ರೆಯಲ್ಲಿ, ನಿನ್ನ ಅವ್ವ ಔಷಧಿ ತರಲು ಕೆಳಗೆ ಹೋಗಿದ್ದಳು. ನಿನ್ನ ಅಪ್ಪ ನನ್ನ ಕೈ ಹಿಡಿದು, "ಸೌಂದರ್ಯಗ ಫೋನ್ ಹಚ್ಚಪ್ಪಾ, ದನಿ ಕೇಳ್ಬೇಕು" ಎಂದ. ಫೋನನ್ನು ಸುಮ್ಮನೆ ಕಿವಿಗೆ ಹಿಡಿದು, "ಹತ್ತವಲ್ದಪ್ಪಾ" ಎಂದೆ. ಇನ್ನೊಮ್ಮೆ ನೋಡು ಎಂದ. ಇನ್ನೊಮ್ಮೆ ಹಿಡಿದೆ. ದನಿ ಕೇಳಿಸಲು ವಿಮಾನ ಬೇಕಿರಲಿಲ್ಲ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ, ತಾಯಿ. ಇದು ನಿನ್ನ ಅವ್ವನಿಗೆ ಗೊತ್ತಿಲ್ಲ. ಆಕೆಯ ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ನೀನು ಹೇಳು. ಅದಕ್ಕಾದರೂ ಆಕೆಗೆ ಫೋನು ಮಾಡು.